ಯಾವ ಆಸ್ಪತ್ರೆಯಲ್ಲಿ ಯಾವ ಕಾಯಿಲೆಗೆ ಕಾರ್ಡ್ ನಡೆಯುತ್ತದೆ, ಮೊದಲೇ ಹೇಳಿ: ದಾವಣಗೆರೆ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,
ದಾವಣಗೆರೆ ಜಿಲ್ಲೆ.

ಮಾನ್ಯರೇ,

ನಮಸ್ಕಾರ. ನಾನು ಹಳೇ ದಾವಣಗೆರೆಯಲ್ಲಿ ಮನೆಯಲ್ಲೇ ಕೂತು ಬ್ಲೌಸ್ ಹೊಲಿಯುವವಳು. ನಮ್ಮ ಮನೆಯವರು ಲಗೇಜ್ ಆಟೋ ಓಡಿಸುತ್ತಾರೆ. ಬಾಡಿಗೆ ಸಿಕ್ಕ ದಿನ ಉಂಟು, ಇಲ್ಲದ ದಿನ ಇಲ್ಲ. ನಮ್ಮ ಅತ್ತೆ ಮೈಯಲ್ಲಿ ಶಕ್ತಿ ಇರುವ ತನಕ ಮಂಡಕ್ಕಿ ಭಟ್ಟಿಯಲ್ಲಿ ದುಡಿದವರು. ಅವರಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷ ಆಯಿತು, ಆಮೇಲೆ ಬಿಪಿ ಸೇರಿಕೊಂಡಿತು, ಈಗ ಎರಡೂ ಸೇರಿ ಕಿಡ್ನಿಗೆ ಇಳಿದಿದೆ. ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು.

ನಿಮಗೇ ಯಾಕೆ ಬರೆಯುತ್ತಿದ್ದೇನೆ ಅಂದರೆ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಅಂತ 2007ರದ್ದೊಂದು ಇದೆ, 2017ರಲ್ಲಿ ಅದಕ್ಕೆ ತಿದ್ದುಪಡಿ ಆಯಿತು. ಆ ಕಾಯ್ದೆಯಡಿ ಜಿಲ್ಲೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಅಂದರೆ ಖಾಸಗಿ ಆಸ್ಪತ್ರೆಯ ಮೇಲೆ ರೋಗಿಗೆ ದೂರಿದ್ದರೆ ಅದನ್ನು ಕೇಳಬೇಕಾದವರು ನೀವು. ಇದು ನಮ್ಮಂಥವರಿಗೆ ಗೊತ್ತೇ ಇರುವುದಿಲ್ಲ. ನನಗೂ ಅತ್ತೆಯನ್ನು ಕರೆದುಕೊಂಡು ಓಡಾಡುವಾಗ ಒಬ್ಬ ವಕೀಲರು ಹೇಳಿದ ಮೇಲೆಯೇ ಗೊತ್ತಾಗಿದ್ದು.

ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ ಇಲ್ಲದೇ ಹೋಗಿದ್ದರೆ ನಮ್ಮ ಅತ್ತೆ ಇವತ್ತು ಇರುತ್ತಿರಲಿಲ್ಲ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಅಂದರೆ ಸಣ್ಣ ಮಾತಲ್ಲ. ಅತ್ತೆಗೆ ಈಗ ಸರ್ಕಾರಿ ಘಟಕದಲ್ಲಿ ಉಚಿತವಾಗಿ ಡಯಾಲಿಸಿಸ್ ಆಗುತ್ತಿದೆ. ಅಲ್ಲಿನ ನರ್ಸ್‌ಗಳು, ಟೆಕ್ನಿಷಿಯನ್‌ಗಳು ಮನೆಯವರ ಹಾಗೆ ನೋಡಿಕೊಳ್ಳುತ್ತಾರೆ. ಅವರಿಗೆ ನಾವು ಋಣಿಗಳು. ನನ್ನ ದೂರು ಯೋಜನೆಯ ಮೇಲಲ್ಲ. ಅಲ್ಲಿಗೆ ಮುಟ್ಟುವ ದಾರಿಯ ಮೇಲೆ.

ಆ ದಾರಿ ಯಾಕೆ ಕಷ್ಟ ಅಂತ ಬಿಡಿಸಿ ಹೇಳುತ್ತೇನೆ. ಒಂದು ಖಾಸಗಿ ಆಸ್ಪತ್ರೆ ಯೋಜನೆಗೆ ಸೇರಿದೆ ಅಂದರೆ ಇಡೀ ಆಸ್ಪತ್ರೆ ಸೇರಿದೆ ಅಂತ ಅರ್ಥ ಅಲ್ಲ. ನೋಂದಣಿ ಆಗುವುದು ವಿಭಾಗದ ಲೆಕ್ಕದಲ್ಲಿ. ಹೃದಯಕ್ಕೆ ಸೇರಿರಬಹುದು, ಕಿಡ್ನಿಗೆ ಸೇರಿರದೆ ಇರಬಹುದು. ಮೂಳೆಗೆ ಇರುತ್ತದೆ, ಕ್ಯಾನ್ಸರ್‌ಗೆ ಇರುವುದಿಲ್ಲ. ಆದರೆ ಗೇಟಿನ ಹತ್ತಿರ ಹಾಕಿರುವ ಬೋರ್ಡಿನಲ್ಲಿ ಯೋಜನೆಯ ಹೆಸರು ದೊಡ್ಡ ಅಕ್ಷರದಲ್ಲಿ ಇರುತ್ತದೆ, ಯಾವ ವಿಭಾಗಕ್ಕೆ ಅನ್ನುವುದು ಎಲ್ಲೂ ಇರುವುದಿಲ್ಲ. ನಮ್ಮಂಥವರು ಆ ಬೋರ್ಡ್ ನೋಡಿಯೇ ಒಳಗೆ ಹೋಗುತ್ತೇವೆ, ಬೇರೆ ಯಾವುದನ್ನು ನೋಡಿ ಹೋಗಬೇಕು ಹೇಳಿ.

ನಾವೂ ಹಾಗೇ ಹೋದೆವು. ಊರಿನ ಒಂದು ಖಾಸಗಿ ಆಸ್ಪತ್ರೆ, ಹೆಸರು ಇಲ್ಲಿ ಹಾಕುವುದಿಲ್ಲ. ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತ ಪರೀಕ್ಷೆಯ ಲೆಕ್ಕ) ಏರುತ್ತಿದೆ, ಡಯಾಲಿಸಿಸ್‌ಗೆ ತಯಾರಿ ಮಾಡಿಕೊಳ್ಳಿ, ಮೊದಲು ಕೈಗೆ ಫಿಸ್ಟುಲಾ ಅನ್ನುವ ಸಣ್ಣ ಆಪರೇಷನ್ ಮಾಡಿಸಿ ಅಂತ ಡಾಕ್ಟರ್ ಬರೆದುಕೊಟ್ಟಿದ್ದರು. ರಿಪೋರ್ಟುಗಳನ್ನೆಲ್ಲ ಬಟ್ಟೆ ಅಂಗಡಿಯ ಚೀಲದಲ್ಲಿ ಹಾಕಿಕೊಂಡು ಬೆಳಿಗ್ಗೆಯೇ ಹೋಗಿ ಸಾಲಿನಲ್ಲಿ ನಿಂತೆವು. ಒಪಿಡಿ ಚೀಟಿಗೆ ದುಡ್ಡು ಕೊಟ್ಟೆವು. ರಕ್ತ ಪರೀಕ್ಷೆ ಹಳೆಯದು ನಡೆಯಲ್ಲ ಅಂದರು, ಮತ್ತೆ ಮಾಡಿಸಿದೆವು, ಅದಕ್ಕೂ ದುಡ್ಡು. ಡಾಕ್ಟರ್ ನೋಡಿ ಆಪರೇಷನ್‌ಗೆ ಬರೆದರು. ಆಮೇಲೆ ಯೋಜನೆಯ ಕಾರ್ಡಿನ ಕೌಂಟರಿಗೆ ಹೋದರೆ ಅಲ್ಲಿದ್ದ ಹುಡುಗ ಕಂಪ್ಯೂಟರ್ ನೋಡಿ, "ಕಾರ್ಡ್ ನಮ್ಮಲ್ಲಿ ನಡೀತೈತಮ್ಮ, ಆದ್ರೆ ಕಿಡ್ನಿಗೆ ನಡಿಯಲ್ಲ" ಅಂದ. ಅತ್ತೆಗೆ ಅದು ಅರ್ಥವೇ ಆಗಲಿಲ್ಲ. "ಅಲ್ಲಪ್ಪಾ, ಕಾರ್ಡ್ ನಂದೇ ಅಲ್ವಾ, ಕಿಡ್ನಿನೂ ನಂದೇ ಅಲ್ವಾ" ಅಂತ ಕೇಳಿದರು. ಹುಡುಗ ಏನು ಹೇಳಿಯಾನು, ಅವನ ಹಿಂದಿನ ಗೋಡೆಗೆ ವಿಭಾಗಗಳ ಪಟ್ಟಿ ಅಂಟಿಸಿತ್ತು, ಇಂಗ್ಲಿಷಿನಲ್ಲಿ, ಅಕ್ಷರ ಸಣ್ಣದು, ಕೌಂಟರಿನ ಗಾಜಿನ ಆಚೆ. ಅದೇ ಪಟ್ಟಿ ಗೇಟಿನಲ್ಲಿ ಕನ್ನಡದಲ್ಲಿ ಇದ್ದಿದ್ದರೆ ನಾವು ಚೀಟಿಯನ್ನೇ ಮಾಡಿಸುತ್ತಿರಲಿಲ್ಲ.

ದುಡ್ಡಿನ ಆಸೆಗೆ ಬೇಕಂತಲೇ ಹೀಗೆ ಮಾಡುತ್ತಾರೆ ಅಂತ ನಾನು ಹೇಳುವುದಿಲ್ಲ, ನನ್ನ ಹತ್ತಿರ ಅದಕ್ಕೆ ಸಾಕ್ಷಿ ಇಲ್ಲ. ಆದರೆ ಕಾರ್ಡ್ ನಡೆಯುವುದಿಲ್ಲ ಅನ್ನುವ ಮಾತು ಯಾವಾಗಲೂ ಕೊನೆಯಲ್ಲೇ ಬರುತ್ತದೆ, ಚೀಟಿ, ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಮುಗಿದ ಮೇಲೆ. ಅಷ್ಟೊತ್ತಿಗೆ ಬಡವರ ಕೈಯಲ್ಲಿದ್ದದ್ದು ಖಾಲಿ ಆಗಿರುತ್ತದೆ. ಮೊದಲ ಕಿಟಕಿಯಲ್ಲೇ ಈ ಪ್ರಶ್ನೆ ಯಾಕೆ ಕೇಳಬಾರದು?

ಇನ್ನೊಂದು ಆಸ್ಪತ್ರೆಯಲ್ಲಿ ವಿಭಾಗ ಇತ್ತು, ಡಾಕ್ಟರ್ ಇರಲಿಲ್ಲ. ಬೇರೆ ಊರಿಂದ ವಾರಕ್ಕೊಮ್ಮೆ ಬರುತ್ತಾರಂತೆ. ಮತ್ತೊಂದು ಕಡೆ ಎಲ್ಲ ಇತ್ತು, ಆದರೆ ರೆಫರಲ್ ಪತ್ರ ತನ್ನಿ ಅಂದರು. ಅದು ನಿಯಮವೇ, ಒಪ್ಪುತ್ತೇನೆ. ಸಾಧಾರಣ ಕಾಯಿಲೆಗಳಿಗೆ ಸರ್ಕಾರಿ ಆಸ್ಪತ್ರೆಯಲ್ಲೇ ಚಿಕಿತ್ಸೆ, ಅಲ್ಲಿ ಸೌಲಭ್ಯ ಇಲ್ಲದ ದೊಡ್ಡ ಚಿಕಿತ್ಸೆಗಳಿಗೆ ಮಾತ್ರ ಸರ್ಕಾರಿ ವೈದ್ಯರು ಬರೆದುಕೊಟ್ಟ ಮೇಲೆ ಖಾಸಗಿಗೆ. ತುರ್ತು ಇದ್ದರೆ ರೆಫರಲ್ ಬೇಡ, ನೇರವಾಗಿ ಸೇರಿಸಿಕೊಳ್ಳಬೇಕು. ಸರ್ಕಾರಿ ಆಸ್ಪತ್ರೆಗಳು ಉಳಿಯಬೇಕಾದರೆ ಇಂಥದ್ದೊಂದು ಕ್ರಮ ಬೇಕು ಅಂತ ನನಗೂ ಅನ್ನಿಸುತ್ತದೆ. ಆದರೆ ರೆಫರಲ್ ಪತ್ರದಲ್ಲಿ ಏನಿತ್ತು ಗೊತ್ತಾ? ಹೆಚ್ಚಿನ ಚಿಕಿತ್ಸೆಗೆ ಕಳಿಸಲಾಗಿದೆ ಅಂತ ಅಷ್ಟೇ. ಎಲ್ಲಿಗೆ ಹೋಗಬೇಕು, ಯಾವ ಆಸ್ಪತ್ರೆಯಲ್ಲಿ ಆ ವಿಭಾಗಕ್ಕೆ ಕಾರ್ಡ್ ನಡೆಯುತ್ತದೆ, ಒಂದು ಹೆಸರೂ ಇಲ್ಲ. ಪತ್ರ ಕೈಯಲ್ಲಿ ಹಿಡಿದು ಮತ್ತೆ ಬೀದಿ ಬೀದಿ ಕೇಳಿಕೊಂಡು ಹೋಗಬೇಕಾಯಿತು.

ಈ ಅಲೆದಾಟದಲ್ಲಿ ದುಡ್ಡು ಹೋಗಿದ್ದಕ್ಕಿಂತ ಸಮಯ ಹೋಗಿದ್ದು ನಮಗೆ ಜಾಸ್ತಿ ಪೆಟ್ಟು ಕೊಟ್ಟಿತು. ಫಿಸ್ಟುಲಾ ಅಂದರೆ ಕೈಯಲ್ಲಿ ಶುದ್ಧ ರಕ್ತದ ನಾಳವನ್ನೂ ಅಶುದ್ಧ ರಕ್ತದ ನಾಳವನ್ನೂ ಕೂಡಿಸಿ ಹೊಲಿಯುವ ಸಣ್ಣ ಆಪರೇಷನ್. ಆ ನಾಳ ಬಲಿತು ದಪ್ಪಗಾಗಿ ಸೂಜಿ ತಡೆದುಕೊಳ್ಳುವ ಹಾಗಾಗಲು ಒಂದೂವರೆ ಎರಡು ತಿಂಗಳಾದರೂ ಬೇಕು. ಅದಕ್ಕೇ ಡಯಾಲಿಸಿಸ್ ಶುರು ಆಗುವ ಮುಂಚೆಯೇ ಮಾಡಿಸಿ ಅಂತ ಡಾಕ್ಟರ್ ಹೇಳುವುದು. ನಾವು ಆಸ್ಪತ್ರೆ ಹುಡುಕುವುದರಲ್ಲೇ ಇದ್ದೆವು, ಅತ್ತೆಗೆ ಒಂದು ರಾತ್ರಿ ಉಸಿರು ಕಟ್ಟಿತು. ಮೈಯೆಲ್ಲ ನೀರು ತುಂಬಿತ್ತು, ಮಲಗಿದರೆ ಉಸಿರಾಡೋಕೆ ಆಗುತ್ತಿರಲಿಲ್ಲ, ಗೋಡೆಗೆ ಒರಗಿ ಕೂತೇ ಇದ್ದರು. ಆಟೋದಲ್ಲಿ ಹಾಕಿಕೊಂಡು ಓಡಿದೆವು. ಆಗ ತುರ್ತು ಅಂತ ಬರೆದುಕೊಂಡು ಸೇರಿಸಿಕೊಂಡರು, ರೆಫರಲ್ ಕೇಳಲಿಲ್ಲ. ಕುತ್ತಿಗೆಗೆ ಪೈಪ್ ಹಾಕಿ ಡಯಾಲಿಸಿಸ್ ಮಾಡಿದರು. ಜೀವ ಉಳಿಯಿತು. ಆದರೆ ಆ ಪೈಪಿಗೆ ಸೋಂಕು ತಗುಲಿತು, ಚಳಿ ಜ್ವರ ಬಂತು, ಮತ್ತೆ ಅಡ್ಮಿಟ್, ಮತ್ತೆ ಇಂಜೆಕ್ಷನ್. ಫಿಸ್ಟುಲಾ ಮೊದಲೇ ಆಗಿದ್ದರೆ ಕುತ್ತಿಗೆಗೆ ಪೈಪ್ ಹಾಕುವ ಪ್ರಮೇಯವೇ ಬರುತ್ತಿರಲಿಲ್ಲ ಅಂತ ಅಲ್ಲಿನ ಡಾಕ್ಟರೇ ಹೇಳಿದರು.

ಇದನ್ನು ನೀವು ದಯವಿಟ್ಟು ಗಮನಿಸಬೇಕು ಸರ್ ಅಥವಾ ಮೇಡಂ. ಎದ್ದು ಓಡಾಡುವ ಶಕ್ತಿ ಇದ್ದಾಗ, ಮುಂಜಾಗ್ರತೆಯಿಂದ ಹೋದಾಗ, ಎಲ್ಲ ಕಡೆ ಬಾಗಿಲು ಮುಚ್ಚಿತ್ತು. ಉಸಿರು ನಿಲ್ಲುವ ಹಂತಕ್ಕೆ ಬಂದಾಗ ಅದೇ ಬಾಗಿಲು ತೆರೆಯಿತು. ತುರ್ತಿಗೆ ತೆರೆಯಲೇಬೇಕು, ಅದು ಸರಿ. ಆದರೆ ಸಕ್ಕರೆ, ಬಿಪಿ, ಕಿಡ್ನಿ, ಹೃದಯ ಇವೆಲ್ಲ ಹೇಳದೆ ಕೇಳದೆ ಬರುವ ಕಾಯಿಲೆಗಳಲ್ಲ, ವರ್ಷಗಟ್ಟಲೆ ಜೊತೆಯಲ್ಲೇ ಇರುತ್ತವೆ, ಮುಂದೆ ಏನಾಗುತ್ತದೆ ಅಂತ ಡಾಕ್ಟರಿಗೆ ಮೊದಲೇ ಗೊತ್ತಿರುತ್ತದೆ. ಹಾಗಿದ್ದ ಮೇಲೆ ರೋಗಿ ಸಾಯುವ ಹಂತಕ್ಕೆ ಬರುವ ತನಕ ಯಾಕೆ ಕಾಯಬೇಕು? ಯೋಜನೆಗೂ ಇದರಿಂದ ಖರ್ಚು ಜಾಸ್ತಿ. ಒಂದು ಸಣ್ಣ ಆಪರೇಷನ್‌ನಲ್ಲಿ ಮುಗಿಯುವುದು ಐಸಿಯುಗೆ ಹೋಗಿ ನಿಲ್ಲುತ್ತದೆ.

ಇನ್ನು ದಿನದ ಖರ್ಚಿನ ಮಾತು. ಕಾರ್ಡ್ ನಡೆಯುವುದು ಮುಖ್ಯವಾಗಿ ಆಸ್ಪತ್ರೆಗೆ ಅಡ್ಮಿಟ್ ಆದಾಗ. ಹೊರರೋಗಿಯಾಗಿ ತೋರಿಸಿದ್ದು, ತಿಂಗಳು ತಿಂಗಳಿನ ಮಾತ್ರೆ, ಆಗಾಗ ಮಾಡಿಸುವ ರಕ್ತ ಪರೀಕ್ಷೆ ಇವು ಅದರಲ್ಲಿ ಬರುವುದಿಲ್ಲ. ದೀರ್ಘಕಾಲದ ಕಾಯಿಲೆ ಇರುವವರಿಗೆ ಮನೆ ಮುರಿಯುವುದು ಈ ಸಣ್ಣ ಸಣ್ಣ ಖರ್ಚುಗಳೇ. ಸರ್ಕಾರಿ ಆಸ್ಪತ್ರೆಯಲ್ಲಿ ಇಂಥ ದೀರ್ಘಕಾಲದ ಕಾಯಿಲೆಗಳಿಗೇ ಇರುವ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಸಕ್ಕರೆ, ಬಿಪಿ ಮಾತ್ರೆ ಉಚಿತವಾಗಿ ಸಿಗುತ್ತದೆ, ಜನೌಷಧಿ ಅಂಗಡಿಯಲ್ಲಿ ಕಡಿಮೆಗೆ ಸಿಗುತ್ತದೆ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ, ಸುಮ್ನೆ ಮೆಡಿಕಲ್ ಶಾಪಿನಲ್ಲಿ ಪೂರ್ತಿ ಬೆಲೆ ಕೊಡುತ್ತಾರೆ. ಕ್ಲಿನಿಕ್‌ನಲ್ಲಿ ಒಂದು ಮಾತ್ರೆ ಇದ್ದರೆ ಇನ್ನೊಂದು ಇಲ್ಲದ ದಿನವೂ ಇರುತ್ತದೆ. ಬಸ್ಸಿಗೆ ಶಕ್ತಿ ಯೋಜನೆ ಇರುವುದರಿಂದ ನನಗೂ ಅತ್ತೆಗೂ ಟಿಕೆಟ್ ಇಲ್ಲ. ಆದರೆ ಜಗಳೂರಿನಿಂದ ಡಯಾಲಿಸಿಸ್‌ಗೆ ಬರುವ ಒಬ್ಬ ಅಣ್ಣ ಇದ್ದಾರೆ, ಅವರು ಬಂದು ಹೋಗಲು ದುಡ್ಡು ಕೊಡಬೇಕು, ಆ ದಿನದ ಕೂಲಿಯೂ ಹೋಯಿತು. ಹಣ ಇಲ್ಲದ ವಾರ ಒಂದು ಡಯಾಲಿಸಿಸ್ ಬಿಡುತ್ತಾರೆ. ಬಿಟ್ಟರೆ ಏನಾಗುತ್ತದೆ ಅಂತ ಅವರಿಗೂ ಗೊತ್ತು.

ಬೇರೆ ಬೇರೆ ಕಾರ್ಡುಗಳ ಗೊಂದಲ ಇನ್ನೊಂದು. ಅಂಗಡಿ, ಕಾರ್ಖಾನೆಯಲ್ಲಿ ತಿಂಗಳಿಗೆ 21,000 ರೂಪಾಯಿ ಒಳಗಿನ ಸಂಬಳದವರಿಗೆ ಇಎಸ್‌ಐ ಅನ್ನುವ ಕಾರ್ಮಿಕರ ವಿಮೆ ಇರುತ್ತದೆ, ಸಂಬಳದಲ್ಲಿ ಶೇ. 0.75 ಹಿಡಿಯುತ್ತಾರೆ. ಅದರಲ್ಲಿ ಮಾತ್ರೆ, ಹೊರರೋಗಿ ಚಿಕಿತ್ಸೆ ಕೂಡ ಬರುತ್ತದೆ, ಆದರೆ ಅದಕ್ಕೆ ಬೇರೆ ಆಸ್ಪತ್ರೆಗಳ ಪಟ್ಟಿ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಆರೋಗ್ಯ ಯೋಜನೆ, ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಅದಕ್ಕೆ ಇನ್ನೊಂದು ಪಟ್ಟಿ. ಸಾಲ ಕೊಡುವಾಗ ಬ್ಯಾಂಕಿನವರು ಸೇರಿಸಿದ ಖಾಸಗಿ ವಿಮೆ ಇದ್ದರೆ ಅದಕ್ಕೆ ಮೂರನೇ ಪಟ್ಟಿ. ಖಾಸಗಿ ವಿಮೆಯಲ್ಲಿ ಮೊದಲೇ ಇರುವ ಕಾಯಿಲೆಗೆ ಗರಿಷ್ಠ 3 ವರ್ಷ ಕಾಯಿಸಬಹುದು, 2024ರ ಏಪ್ರಿಲ್‌ಗೆ ಮುಂಚೆ ಅದು 4 ವರ್ಷ ಇತ್ತು. ಸಕ್ಕರೆ ಕಾಯಿಲೆ ಇದ್ದವರಿಗೆ ಪಾಲಿಸಿ ಮಾರುವಾಗ ಏಜೆಂಟರು ಇದನ್ನು ಬಾಯಿ ಬಿಟ್ಟು ಹೇಳುವುದು ಕಡಿಮೆ. ಒಂದೇ ಮನೆಯಲ್ಲಿ ಮಗನಿಗೆ ಇಎಸ್‌ಐ, ತಾಯಿಗೆ ಆಯುಷ್ಮಾನ್, ತಂದೆಗೆ ಯಶಸ್ವಿನಿ ಇದ್ದರೆ ಯಾರನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕು ಅಂತ ಓದಿದವರಿಗೇ ತಲೆ ಕೆಡುತ್ತದೆ.

ಎಲ್ಲಕ್ಕೂ ಮೂಲ ರೇಷನ್ ಕಾರ್ಡ್. ಬಿಪಿಎಲ್ ಹೋಗಿ ಎಪಿಎಲ್ ಆಯಿತು ಅಂದರೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತು ಮಾಡಿರುವ ದರದ, ಶೇ. 30 ಮಾತ್ರ ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್‌ಗಳು ರದ್ದಾದಾಗ ಅಕ್ಕಿಯ ಬಗ್ಗೆ ಎಲ್ಲರೂ ಮಾತಾಡಿದರು. ಡಯಾಲಿಸಿಸ್ ಮಾಡಿಸುವ ಮನೆಗಳಲ್ಲಿ ಅಕ್ಕಿಗಿಂತ ಜಾಸ್ತಿ ಇದರ ಭಯ ಇತ್ತು. ಕಾಯಿಲೆ ನಡೆಯುತ್ತಿರುವ ಮನೆಯ ಕಾರ್ಡನ್ನು ಪರಿಶೀಲಿಸುವಾಗ ಮೊದಲು ನೋಟಿಸ್ ಕೊಟ್ಟು, ಅವರ ಮಾತು ಕೇಳಿ, ಆಮೇಲೆ ತೀರ್ಮಾನ ಮಾಡಿ ಅಂತ ಆಹಾರ ಇಲಾಖೆಯವರಿಗೆ ನೀವು ಹೇಳಬಹುದು.

ಪಟ್ಟಿ ವೆಬ್‌ಸೈಟ್‌ನಲ್ಲಿ ಇದೆಯಲ್ಲ ಅಂತ ಯಾರಾದರೂ ಹೇಳಬಹುದು. ಇದೆ, ನಾನೂ ನೋಡಿದ್ದೇನೆ. ಜಿಲ್ಲೆ ಒತ್ತಿ, ವಿಭಾಗ ಒತ್ತಿ ಹುಡುಕಬಹುದು. ಆದರೆ ವಿಭಾಗದ ಹೆಸರು ನೆಫ್ರಾಲಜಿ, ಯುರಾಲಜಿ ಅಂತ ಇಂಗ್ಲಿಷಿನಲ್ಲಿರುತ್ತದೆ. ಭಟ್ಟಿಯಲ್ಲಿ ಮಂಡಕ್ಕಿ ಹುರಿಯುವ ಹೆಂಗಸಿಗೆ, ಅಡಿಕೆ ತೋಟದಲ್ಲಿ ಕೂಲಿ ಮಾಡುವವನಿಗೆ ತನ್ನ ಕಾಯಿಲೆ ಅದರಲ್ಲಿ ಯಾವುದಕ್ಕೆ ಬರುತ್ತದೆ ಅಂತ ಹೇಗೆ ಗೊತ್ತಾಗಬೇಕು? ದಾವಣಗೆರೆಗೆ ಈ ಜಿಲ್ಲೆಯವರಷ್ಟೇ ಬರುವುದಿಲ್ಲ. ಹೊಳಲ್ಕೆರೆ, ಚಿತ್ರದುರ್ಗ, ರಾಣೆಬೆನ್ನೂರು ಕಡೆಯಿಂದ ಬರುತ್ತಾರೆ, ಹರಪನಹಳ್ಳಿ ವಿಜಯನಗರ ಜಿಲ್ಲೆಗೆ ಸೇರಿದರೂ ಅಲ್ಲಿನ ಜನ ಕಾಯಿಲೆ ಅಂದರೆ ಇಲ್ಲಿಗೇ ಬರುವುದು. ಅಷ್ಟು ದೂರದಿಂದ ಬಂದು ಕೌಂಟರಿನಲ್ಲಿ ಇಲ್ಲ ಅನ್ನಿಸಿಕೊಂಡು ವಾಪಸ್ ಹೋಗುವವರ ಮುಖ ನಾನು ನೋಡಿದ್ದೇನೆ.

ಹಾಗಾಗಿ ನನ್ನ ಬೇಡಿಕೆ ದೊಡ್ಡದೇನಲ್ಲ. ಹೊಸ ಆಸ್ಪತ್ರೆ ಕೇಳುತ್ತಿಲ್ಲ, ಹೊಸ ಯೋಜನೆಯೂ ಬೇಡ. ಯೋಜನೆಗೆ ಸೇರಿರುವ ಪ್ರತಿ ಖಾಸಗಿ ಆಸ್ಪತ್ರೆಯೂ ಗೇಟಿನ ಹತ್ತಿರ, ಒಪಿಡಿ ಚೀಟಿ ಮಾಡುವ ಕಿಟಕಿಯ ಮೇಲೆ, ಯಾವ ಕಾರ್ಡಿಗೆ ಯಾವ ಕಾಯಿಲೆಗೆ ಚಿಕಿತ್ಸೆ ಇದೆ ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆಸಿ ಹಾಕಲಿ. ನೆಫ್ರಾಲಜಿ ಅಂತ ಬೇಡ, ಕಿಡ್ನಿ ಅಂತ ಬರೆಯಲಿ. ಪಕ್ಕದಲ್ಲಿ ಆ ಡಾಕ್ಟರ್ ಯಾವ ದಿನ ಸಿಗುತ್ತಾರೆ ಅಂತಲೂ ಇರಲಿ. ದರಪಟ್ಟಿ ಹಾಕಬೇಕು ಅಂತ ಕಾಯ್ದೆಯಲ್ಲೇ ಇದೆ, ಅದರ ಜೊತೆಗೆ ಇದೊಂದು ಬೋರ್ಡ್ ಹಾಕಿಸುವುದು ಅವರಿಗೆ ಭಾರ ಆಗುವುದಿಲ್ಲ.

ಅದೇ ಪಟ್ಟಿಯನ್ನು ಜಿಲ್ಲೆಗೆಲ್ಲ ಒಂದಾಗಿ ಸೇರಿಸಿ ಪ್ರಾಥಮಿಕ ಆರೋಗ್ಯ ಕೇಂದ್ರ, ಗ್ರಾಮ ಪಂಚಾಯಿತಿ, ನ್ಯಾಯಬೆಲೆ ಅಂಗಡಿಗಳಲ್ಲಿ ಅಂಟಿಸಿ. ಹಳ್ಳಿಗಳಲ್ಲಿ ಯಾರಿಗೆ ಸಕ್ಕರೆ ಇದೆ, ಯಾರಿಗೆ ಬಿಪಿ ಇದೆ ಅಂತ ಆಶಾ ಕಾರ್ಯಕರ್ತೆಯರಿಗೆ ಮನೆ ಮನೆಯೂ ಗೊತ್ತು. ಅವರ ಮೊಬೈಲಿಗೆ ಈ ಪಟ್ಟಿ ತಿಂಗಳಿಗೊಮ್ಮೆ ಬಂದರೆ ಸಾಕು, ಅರ್ಧ ಅಲೆದಾಟ ಅಲ್ಲಿಗೇ ನಿಲ್ಲುತ್ತದೆ. ಪಟ್ಟಿ ಬದಲಾದ ದಿನಾಂಕ ಮಾತ್ರ ಮೇಲೆ ಹಾಕಿರಬೇಕು, ಹೋದ ವರ್ಷದ್ದನ್ನು ಅಂಟಿಸಿದರೆ ಇನ್ನೂ ತೊಂದರೆ.

ರೆಫರಲ್ ಪತ್ರದಲ್ಲಿ ಆ ವಿಭಾಗ ಇರುವ ಆಸ್ಪತ್ರೆಗಳ ಹೆಸರು ಬರೆದುಕೊಡಬೇಕು. ಎಲ್ಲಿಗೆ ಹೋಗುವುದು ಅನ್ನುವುದು ರೋಗಿಯ ಇಷ್ಟ, ಆದರೆ ಎಲ್ಲೆಲ್ಲಿ ಇದೆ ಅನ್ನುವುದು ಅವರಿಗೆ ಗೊತ್ತಿರಬೇಕಲ್ಲ. ಸಾಧ್ಯವಾದರೆ ಆ ಆಸ್ಪತ್ರೆಯಲ್ಲಿ ಯೋಜನೆಯ ರೋಗಿಗಳಿಗೆ ನೆರವಾಗುವ ಆರೋಗ್ಯ ಮಿತ್ರರ ಫೋನ್ ನಂಬರ್ ಕೂಡ ಬರೆಯಲಿ, ಹೊರಡುವ ಮೊದಲು ಒಂದು ಮಾತು ಕೇಳಿಕೊಂಡು ಹೊರಡಬಹುದು.

ಎಲ್ಲಕ್ಕಿಂತ ಮುಖ್ಯವಾಗಿ ನಾನು ಕೇಳುವುದು ಇದು. ಕಾರ್ಡ್ ನಡೆಯುವುದಿಲ್ಲ ಅಂತ ವಾಪಸ್ ಕಳಿಸುವ ಆಸ್ಪತ್ರೆ, ಯಾಕೆ ನಡೆಯುವುದಿಲ್ಲ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು, ದಿನಾಂಕ ಹಾಕಿ, ಸೀಲ್ ಒತ್ತಿ ಕೊಡಬೇಕು. ವಿಭಾಗ ಇಲ್ಲ, ಡಾಕ್ಟರ್ ಇಲ್ಲ, ಬೆಡ್ ಇಲ್ಲ, ರೆಫರಲ್ ಇಲ್ಲ, ಯಾವುದಾದರೂ ಇರಲಿ, ಬರೆದು ಕೊಡಲಿ. ಬಾಯಿಮಾತಿನಲ್ಲಿ ಇಲ್ಲ ಅನ್ನುವುದು ಸುಲಭ. ಬರೆದು ಕೊಡಬೇಕು ಅಂದರೆ ಒಂದು ಸಲ ಯೋಚನೆ ಮಾಡುತ್ತಾರೆ. ಮುಂದಿನ ಆಸ್ಪತ್ರೆಯವರಿಗೂ ಅದನ್ನು ತೋರಿಸಬಹುದು, ನಿಮ್ಮ ಮುಂದೆ ದೂರು ಕೊಡುವಾಗ ಕೈಯಲ್ಲಿ ಒಂದು ಸಾಕ್ಷಿಯೂ ಇರುತ್ತದೆ. ಈಗ ನಮ್ಮ ಹತ್ತಿರ ಒಪಿಡಿ ಚೀಟಿ ಇದೆ, ಲ್ಯಾಬಿನ ಬಿಲ್ ಇದೆ, ಇಲ್ಲ ಅಂದಿದ್ದಕ್ಕೆ ಮಾತ್ರ ಕಾಗದ ಇಲ್ಲ.

ಬಿಪಿಎಲ್ ರೋಗಿಯಿಂದ ಪ್ಯಾಕೇಜಿನೊಳಗಿನ ಚಿಕಿತ್ಸೆಗೆ ದುಡ್ಡು ತಗೊಳ್ಳುವಂತಿಲ್ಲ. ತುರ್ತಿನಲ್ಲಿ ಬಂದವರಿಗೆ ಅಡ್ವಾನ್ಸ್ ಕಟ್ಟಿದರೇ ಚಿಕಿತ್ಸೆ ಅನ್ನುವಂತಿಲ್ಲ. ಇವೆರಡನ್ನೂ ಆ ಬೋರ್ಡಿನ ಕೆಳಗೆ ಎರಡು ಸಾಲಿನಲ್ಲಿ ಬರೆಸಿ, ದೂರಿಗೆ 14555, ಆರೋಗ್ಯ ಸಹಾಯವಾಣಿಗೆ 104, ಜೊತೆಗೆ ನಿಮ್ಮ ಪ್ರಾಧಿಕಾರದ ಒಂದು ನಂಬರ್ ಹಾಕಿಸಿ. ಪ್ರಾಧಿಕಾರದ ಸಭೆ ಯಾವ ದಿನ ಅಂತ ಮೊದಲೇ ಪೇಪರಿನಲ್ಲಿ ಬಂದರೆ ನಮ್ಮಂಥವರು ನೇರವಾಗಿ ಬಂದು ಹೇಳಿಕೊಳ್ಳಬಹುದು. ಹೊರರೋಗಿಗಳ ಮಾತ್ರೆ, ಪರೀಕ್ಷೆಗಳನ್ನು ಯೋಜನೆಗೆ ಸೇರಿಸುವುದು ನಿಮ್ಮ ಕೈಯಲ್ಲಿ ಇಲ್ಲ ಅಂತ ಗೊತ್ತು, ಅದನ್ನು ಆರೋಗ್ಯ ಇಲಾಖೆಗೆ ನಿಮ್ಮ ಶಿಫಾರಸಿನ ಜೊತೆ ಬರೆದು ಕಳಿಸಿ ಅಂತ ಕೇಳಿಕೊಳ್ಳುತ್ತೇನೆ. ಎನ್‌ಸಿಡಿ ಕ್ಲಿನಿಕ್‌ಗಳಲ್ಲಿ ಮಾತ್ರೆ ತಪ್ಪದೆ ಸಿಗುವ ಹಾಗೆ ನೋಡಿಕೊಳ್ಳುವುದು, ಸಕ್ಕರೆ ಮತ್ತು ಬಿಪಿ ಇರುವವರಿಗೆಲ್ಲ ಕ್ರಿಯಾಟಿನಿನ್ ಪರೀಕ್ಷೆ ಆಗಾಗ ಉಚಿತವಾಗಿ ಆಗುವ ಹಾಗೆ ಮಾಡುವುದು ಜಿಲ್ಲೆಯ ಮಟ್ಟದಲ್ಲೇ ಆಗುತ್ತದೆ ಅಂತ ನನ್ನ ನಂಬಿಕೆ. ಅತ್ತೆಗೆ ವರ್ಷಗಟ್ಟಲೆ ಸಕ್ಕರೆ ನೋಡಿದರು, ಕಿಡ್ನಿ ಪರೀಕ್ಷೆ ಮಾಡಿಸಿ ಅಂತ ಯಾರೂ ಹೇಳಲೇ ಇಲ್ಲ, ಕಾಲು ಊದಿಕೊಂಡ ಮೇಲೆ ಗೊತ್ತಾಗಿದ್ದು.

ಈ ಪತ್ರದ ಒಂದು ಪ್ರತಿಯನ್ನು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೂ ಕೊಡುತ್ತಿದ್ದೇನೆ. ನಮ್ಮ ಚೀಟಿಗಳು, ಬಿಲ್ಲುಗಳು, ರೆಫರಲ್ ಪತ್ರ, ಡಿಸ್ಚಾರ್ಜ್ ಕಾಗದ ಎಲ್ಲ ಜೋಡಿಸಿ ಇಟ್ಟಿದ್ದೇನೆ. ಅತ್ತೆಯ ಡಯಾಲಿಸಿಸ್ ಇರುವ ಸೋಮವಾರ ಮತ್ತು ಗುರುವಾರ ಬಿಟ್ಟು ಯಾವ ದಿನ ಕರೆದರೂ ತಂದು ತೋರಿಸುತ್ತೇನೆ. ಜಗಳೂರಿನ ಅಣ್ಣನೂ ಬರುತ್ತೇನೆ ಅಂದಿದ್ದಾರೆ. ನೀವು ಏನು ತೀರ್ಮಾನ ಮಾಡಿದಿರಿ ಅನ್ನುವುದನ್ನು ನನ್ನೊಬ್ಬಳಿಗೆ ಉತ್ತರ ಬರೆಯುವ ಬದಲು ಎಲ್ಲ ರೋಗಿಗಳಿಗೂ ತಿಳಿಯುವ ಹಾಗೆ ಪತ್ರಿಕೆಗಳಿಗೇ ಕೊಡಿ.

ಇಂತಿ ತಮ್ಮ ವಿಶ್ವಾಸಿ,
ಮನೆಯಲ್ಲಿ ಡಯಾಲಿಸಿಸ್ ರೋಗಿ ಇರುವ ಒಬ್ಬ ಗೃಹಿಣಿ, ಟೈಲರ್
ಹಳೇ ದಾವಣಗೆರೆ